ಬ್ಯಾಸರಕ್ಕೆ ಹತ್ತು ಹೆಸರು

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಹಳ್ಳಿ, ತಾಂಡಾಗಳ ಕಡೆ ಹೋಗುವ ಬಸ್ಸಿಗೆ ಕಾದ ಹುಡುಗ ಹುಡುಗಿಯರ ಗದ್ದಲವೋ ಗದ್ದಲ. ಆ ಗುಂಪಿನಲ್ಲಿ ಮಾರಿ ಸಣ್ಣದು ಮಾಡಿಕೊಂಡು ನಿಂತ ಒಬ್ಬನನ್ನು ಏನಾಯಿತೋ ಎಂದು ಕೇಳಿದರೆ ಸಿಗುವ ಉತ್ತರ ಮೂರರಲ್ಲೊಂದು: ‘ಏನಿಲ್ರಿ’, ‘ಬ್ಯಾಸರ’, ‘ಟೆನ್ಷನ್’. ಗೆಳೆಯ ಮಾತು ಬಿಟ್ಟರೂ ಬ್ಯಾಸರ, ಗಣಿತ ಪರೀಕ್ಷೆಯ ಅಂಜಿಕೆಯೂ ಬ್ಯಾಸರ, ಹೈದರಾಬಾದಿಗೆ ದುಡಿಯಲು ಹೋದ ಅಪ್ಪನ ಫೋನ್ ಬಾರದಿದ್ದರೂ ಬ್ಯಾಸರ. ಅಸೂಯೆ, ನಾಚಿಕೆ, ಅವಮಾನ, ಒಂಟಿತನ, ಸಿಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದಾರೆ.

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮಕ್ಕಳಿಗೆ ಭಾಷೆಯ ಬಡತನ ಎಂಬುದಿಲ್ಲ. ಮನೆಯಲ್ಲಿ ಮರಾಠಿ, ದಖನಿ ಉರ್ದು, ಲಂಬಾಣಿ ಅಥವಾ ತೆಲುಗು, ಕ್ಲಾಸಿನಲ್ಲಿ ಕನ್ನಡ, ಫೋನಿನಲ್ಲಿ ಹಿಂದಿ. ಬೈಗುಳವಂತೂ ಎಲ್ಲ ಭಾಷೆಗಳಲ್ಲೂ ಸರಾಗ. ಮನಸ್ಸಿನ ಮಾತು ಬಂದಾಗ ಮಾತ್ರ ಎಲ್ಲ ಭಾಷೆಗಳೂ ಒಟ್ಟಿಗೆ ಕೈಕೊಡುತ್ತವೆ. ಕೊನೆಗೆ ಅದು ತಲೆನೋವಾಗಿ, ಹೊಟ್ಟೆನೋವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಬರುತ್ತದೆ. ಒಂದು ಗುಳಿಗೆ ತೆಗೆದುಕೊಂಡು ಮರಳಿ ಹೋಗುತ್ತದೆ.

ಈ ಭಾವಗಳಿಗೆ ಒಂದೊಂದು ಹೆಸರಿಡುವುದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ, ಆ ಭಾವಕ್ಕೆ ತಕ್ಕ ಪದವನ್ನು ಆರಿಸಲು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಹದಿಹರೆಯದಲ್ಲಿ ಈ ಗಂಟೆ ಜೋರಾಗಿಯೇ ಮೊಳಗುತ್ತದೆ. ಅದನ್ನು ತಡೆದು, ‘ಸ್ವಲ್ಪ ನಿಲ್ಲು’ ಎನ್ನಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ‘ಇಷ್ಟು ದೊಡ್ಡವನಾಗೀದಿ, ಬುದ್ಧಿ ಇಲ್ಲೇನು?’ ಎಂದು ಗದರುವ ತಂದೆಗೆ ವಿಜ್ಞಾನದ ಉತ್ತರ: ಇನ್ನೂ ಪೂರ್ತಿ ಬಂದಿಲ್ಲ, ಬರುತ್ತಿದೆ.

ಭಾವಕ್ಕೆ ಹೆಸರಿಡುವ ಈ ಮಾತನ್ನು ಬಸವಕಲ್ಯಾಣದಲ್ಲಿ ನಿಂತು ಆಡುವುದಕ್ಕೆ ಬೇರೆಯೇ ತೂಕವಿದೆ. ಮನಸ್ಸಿನ ಒಳಗಿನ ಅಂಜಿಕೆ, ಆಸೆ, ಕೋಪ, ಹೊಯ್ದಾಟಗಳನ್ನು ಆಡುಗನ್ನಡದಲ್ಲಿ ಹೆಸರು ಹಿಡಿದು ಕರೆದ ಊರು ಇದು. ಹನ್ನೆರಡನೆಯ ಶತಮಾನದ ಶರಣರು ಮನಸ್ಸನ್ನು ಮಂಗಕ್ಕೂ ಹಾವಿಗೂ ಹೋಲಿಸಿ ಮಾತಾಡಿದರು. ಕಾಯಕದ ನಡುವೆ ಕೂತು ಒಬ್ಬರೊಬ್ಬರ ಮಾತು ಕೇಳಿಸಿಕೊಂಡರು. ಜಾತಿ ಸಮಾನತೆಯ ಬಗ್ಗೆ ಪ್ರತಿ ಬಸವ ಜಯಂತಿಯಲ್ಲೂ ಭಾಷಣಗಳಾಗುತ್ತವೆ, ಆಗಲಿ. ಕಲ್ಯಾಣದ ಕಥೆ ಹರೆಯದವರ ಕಥೆಯೂ ಹೌದೆಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಹರಿಹರನ ರಗಳೆಯ ಬಸವಣ್ಣನನ್ನೇ ನೋಡಿ. ತಂದೆ ತಾಯಿ ತೀರಿಕೊಂಡ ಹುಡುಗ, ಮುತ್ತಜ್ಜಿಯ ಆಸರೆಯಲ್ಲಿ ಬೆಳೆದವನು. ಹದಿನಾರರ ಹರೆಯದಲ್ಲಿ ಜನಿವಾರ ಕಿತ್ತೊಗೆದು ಮನೆ ಬಿಟ್ಟು ಕೂಡಲಸಂಗಮದ ಹಾದಿ ಹಿಡಿಯುತ್ತಾನೆ. ಭೀಮಕವಿಯ ಪುರಾಣದಲ್ಲಿ ಇದೇ ಪ್ರಸಂಗ ಎಂಟರ ಬಾಲಕನ ಉಪನಯನದ ಹೊತ್ತಿನದು. ಕವಿಗಳಿಬ್ಬರ ಲೆಕ್ಕ ಕೂಡದಿದ್ದರೂ ಹರಿಹರನ ಹದಿನಾರು ಹದಿಹರೆಯ ಬಲ್ಲವರಿಗೆ ಥಟ್ಟನೆ ಒಪ್ಪುತ್ತದೆ. ‘ನಾನು ಯಾರು, ಇದು ನನಗೇಕೆ’ ಎಂಬ ಪ್ರಶ್ನೆ ಮನೆಯೊಳಗೇ ಸಿಡಿಯುವ ವಯಸ್ಸು ಅದು. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಇದನ್ನು ಗುರುತಿನ ಬಿಕ್ಕಟ್ಟು ಎಂದು ಕರೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇನ್ನು ಅಕ್ಕಮಹಾದೇವಿ. ಮನೆ, ಊರು ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದ ಎಳೆಯ ಹೆಣ್ಣಿಗೆ ಅಲ್ಲಮ ಕೇಳಿದ ಪ್ರಶ್ನೆಗಳು ಮೆದುವಾಗಿರಲಿಲ್ಲವೆಂದು ಶೂನ್ಯಸಂಪಾದನೆ ಹೇಳುತ್ತದೆ. ಗಮನಿಸಬೇಕಾದದ್ದು ಇಷ್ಟು: ಅವಳು ಉತ್ತರ ಹೇಳಿ ಮುಗಿಸುವವರೆಗೆ ಶರಣರ ಸಭೆ ಕೇಳಿಸಿಕೊಂಡಿತು. ಅಲ್ಲಮನ ನಂತರ ಆ ಸಭೆಯ ಶೂನ್ಯಪೀಠ ಏರಿದ ಚನ್ನಬಸವಣ್ಣನಂತೂ ಎಲ್ಲರಿಗಿಂತ ಕಿರಿಯ.

ಇಂದು ಈ ತಾಲೂಕುಗಳಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆಯುವ ಮಕ್ಕಳನ್ನು ಹುಡುಕಬೇಕಿಲ್ಲ. ತಂದೆ ತಾಯಿ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿರುತ್ತಾರೆ. ಅಜ್ಜಿ ರೊಟ್ಟಿ ಬಡಿದು ಕೊಡುತ್ತಾಳೆ, ಮೈ ಬಿಸಿಯಾದರೆ ರಾತ್ರಿಯೆಲ್ಲ ಎದ್ದಿರುತ್ತಾಳೆ. ಹದಿನಾಲ್ಕರ ಹುಡುಗಿಯ ಫೋನಿಗೆ ಯಾರೋ ಕಳಿಸಿದ ಕೆಟ್ಟ ಸಂದೇಶದ ಬಗ್ಗೆ ಆ ಅಜ್ಜಿಗೆ ಹೇಳುವುದು ಹೇಗೆ? ಹೇಳಿದರೆ ಮೊದಲು ಕಸಿಯುವುದು ಫೋನು, ಆಮೇಲೆ ಶಾಲೆ, ಆಮೇಲೆ ಬರುವುದು ಮದುವೆಯ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 21.4. ಬಾಲ್ಯವಿವಾಹ ಮೊದಲಿಗೇ ಅಸಿಂಧು ಎಂದು ರಾಜ್ಯ ತಿದ್ದುಪಡಿ ತಂದದ್ದು ಈ ನಡುವೆಯೇ. ಕಾನೂನು ಬಂತು, ಅಂಕಿ ಮಿಸುಕಲಿಲ್ಲ.

ಹುಡುಗರ ಕಥೆ ಹೆದ್ದಾರಿಯಲ್ಲಿದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಈ ಸೀಮೆಯ ಮೇಲೇ ಹಾದುಹೋಗುತ್ತದೆ. ಒಂದು ಬೈಕು, ಮೂರು ಹುಡುಗರು, ಹೆಲ್ಮೆಟ್ ಸೊನ್ನೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬಿಬ್ಬರು ಸಂಶೋಧಕರು 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟವಾಡಿಸಿ ನೋಡಿದ್ದರು. 13ರಿಂದ 16ರ ಮಕ್ಕಳು ಒಬ್ಬರೇ ಆಡುವಾಗ ತೋರಿದ ಎಚ್ಚರ, ಗೆಳೆಯರು ಪಕ್ಕದಲ್ಲಿ ಕೂತಾಗ ಕರಗಿಹೋಯಿತು. ದೊಡ್ಡವರ ಆಟದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಹಿಂದೆ ಕೂತು ‘ಹೊಡಿಯಲೇ’ ಎನ್ನುವ ಗೆಳೆಯನ ಶಕ್ತಿ ಮಾತ್ರ ಯಾವ ಕಲಮಿಗೂ ಸಿಕ್ಕುವಂಥದ್ದಲ್ಲ. ಅದೇ ಗೆಳೆಯ ‘ಬ್ಯಾಡಲೇ’ ಎಂದರೆ ಬೈಕು ನಿಲ್ಲುತ್ತದೆ. 2014ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿಶೋರ ಆರೋಗ್ಯ ಕಾರ್ಯಕ್ರಮ ಊರಿನ ಹದಿಹರೆಯದವರನ್ನೇ ಸಮಾನವಯಸ್ಕ ಶಿಕ್ಷಕರಾಗಿ ತರಬೇತುಗೊಳಿಸಲು ಹೊರಟದ್ದು ಈ ಬಲವನ್ನು ನಂಬಿಯೇ.

ಸರ್ಕಾರದ ಕಡೆ ಏನೂ ಇಲ್ಲ ಎನ್ನುವಂತಿಲ್ಲ. ಹದಿಹರೆಯದವರ ಆಪ್ತಸಮಾಲೋಚನೆಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ವ್ಯವಸ್ಥೆಯಿದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರಬೇಕು. ಒಳ್ಳೆಯದೇ. ಆದರೆ ಮಂಗಳವಾರ ಮಕ್ಕಳು ಎಲ್ಲಿರುತ್ತಾರೆ? ಶಾಲೆಯಲ್ಲಿ. ಆಸ್ಪತ್ರೆಯ ಹೊತ್ತೂ ಶಾಲೆಯ ಹೊತ್ತೂ ಒಂದೇ ಆದರೆ, ಮನಸ್ಸು ಕೆಟ್ಟ ಹುಡುಗಿ ಮನೆಯಲ್ಲಿ ಕಾರಣ ಹೇಳಿ, ಮೇಷ್ಟ್ರಿಗೆ ಚೀಟಿ ಕೊಟ್ಟು, ಪರಿಚಯದವರ ಕಣ್ಣು ತಪ್ಪಿಸಿ ಅಲ್ಲಿಗೆ ತಲುಪಬೇಕು. ಅಷ್ಟು ಧೈರ್ಯವಿದ್ದವಳಿಗೆ ಸಮಾಲೋಚನೆಯ ಅಗತ್ಯವೇ ಅರ್ಧ ಕಡಿಮೆ!

ಶನಿವಾರ ಶಾಲೆ ಮಧ್ಯಾಹ್ನದೊಳಗೆ ಬಿಡುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಜಿಲ್ಲೆಯ ಆರೋಗ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಒಂದು ದಿನ ಎದುರುಬದುರು ಕೂತು, ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ಶನಿವಾರ ಮಧ್ಯಾಹ್ನ ಎರಡು ತಾಸು ಸಮಾಲೋಚಕರನ್ನು ಶಾಲೆಯಲ್ಲೇ ಕೂರಿಸಲಿ. ಕನ್ನಡದ ಜೊತೆ ಉರ್ದು, ಮರಾಠಿ ಬಲ್ಲವರಾದರೆ ಇನ್ನೂ ಚೆನ್ನ. ಅಲ್ಲಿಯವರೆಗೆ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಎರಡು ಸಂಖ್ಯೆ ಬರೆಸಿ: ಮನಸ್ಸಿನ ತ್ರಾಸಿಗೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.