ಹಾಡುತ್ತಾ ಹಾಡುತ್ತಾ ರಾಗ



"ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ" ಎಂಬ ಗಾದೆಯ ಎರಡನೆಯ ಅರ್ಧ ನನ್ನಂಥ ವೈದ್ಯರ ಪಾಲಿನದು. ಈ ಯುಗಾದಿ ಸಂಚಿಕೆಗೆ ಮೊದಲ ಅರ್ಧದ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಸಂಘದ ವೇದಿಕೆಯಲ್ಲಿ ಪುಟಾಣಿಗಳು ಸಾಲಾಗಿ ಕೂತು ಗೀತೆ ಹಾಡಿದಾಗ ಎಲ್ಲರೂ ಹಿಗ್ಗುತ್ತೇವೆ. ಅವರು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಸಾಲಿನಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. "ಟೈಮೇ ಇಲ್ಲ ಅಂಕಲ್" ಎನ್ನುತ್ತಾರೆ. ಸಾಕರ್, ಹೋಂವರ್ಕ್ ನಡುವೆ ಅದೂ ನಿಜವೇ. ಆದರೆ ಸಂಗೀತಕ್ಕೆ ಬೇಕಾದದ್ದು ಎಷ್ಟು ಟೈಮು?

ಅನೇಕ ಮನೆಗಳಲ್ಲಿ ಪಾಠದ ಹಿಂದಿನ ರಾತ್ರಿ ಎರಡು ಗಂಟೆ ಅಭ್ಯಾಸ, ಉಳಿದ ದಿನ ಮೌನ. ಒಂದೇ ಸಲ ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿಕೊಂಡು ಕಲಿತದ್ದು ಚೆನ್ನಾಗಿ ಉಳಿಯುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಬರೆದ. ಕಲಿತದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ದಿನಾ ಹಾಡುವವರಿಗೆ ಪ್ರತಿ ರಾತ್ರಿಯ ನೆರವೂ ಸಿಗುತ್ತದೆ.

ಆದ್ದರಿಂದ ನನ್ನ ಚೀಟಿ ಇದು: ದಿನಕ್ಕೆ 20 ನಿಮಿಷ, ರಾತ್ರಿ ಊಟಕ್ಕೆ ಮುಂಚೆ. ಶ್ರುತಿಪೆಟ್ಟಿಗೆ ಬೀರುವಿನೊಳಗೆ ಬೇಡ, ಕಣ್ಣಿಗೆ ಬೀಳುವಲ್ಲಿರಲಿ.

ಮೊದಲ 4 ನಿಮಿಷ ಷಡ್ಜ ಹಿಡಿದು ಮೆಲ್ಲಗೆ ಅಕಾರ. ಮುಂದಿನ 10 ನಿಮಿಷ ಸರಳೆ, ಜಂಟಿ ಅಥವಾ ಅಲಂಕಾರಗಳಲ್ಲಿ ಒಂದನ್ನು ಮಾತ್ರ, ಮೂರು ಕಾಲಗಳಲ್ಲಿ. ಮಾಯಾಮಾಳವಗೌಳದಲ್ಲಿ ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಪರಂಪರೆಯ ನಂಬಿಕೆ. ಸ್ವರ ಜಾರುವ ಜಾಗವನ್ನಷ್ಟೇ ಹಿಡಿದು ಮೊದಲ ಕಾಲದಲ್ಲಿ ತಿದ್ದಿಕೊಳ್ಳಿ. ನಂತರ 4 ನಿಮಿಷ ಹೊಸ ಪಾಠ. ಕೊನೆಯ 2 ನಿಮಿಷ ಮಗುವಿಗೆ ಇಷ್ಟವಾದದ್ದು, ಸಿನಿಮಾ ಹಾಡಾದರೂ ಸರಿ.

ಇನ್ನು ವೈದ್ಯನ ಮಾತು. ಚಳಿಗಾಲದಲ್ಲಿ ಹೀಟರ್ ಮನೆಯ ಗಾಳಿಯನ್ನು ಒಣಗಿಸುತ್ತದೆ. ಆಗಾಗ ನೀರು ಕುಡಿಯಿರಿ. ನೆಗಡಿಯಿಂದ ಗಂಟಲು ಕಟ್ಟಿದ ದಿನ ಹಾಡಬೇಡಿ. ಅದೇ 20 ನಿಮಿಷ ತಾಳ ಹಾಕುತ್ತಾ ಕೇಳಿ. ದನಿ ಒಡೆದದ್ದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ತಜ್ಞರಿಗೆ ತೋರಿಸಿ.

ಗಂಡುಮಕ್ಕಳ ತಂದೆತಾಯಿಗಳಿಗೆ ಇನ್ನೊಂದು ಮಾತು. ಹನ್ನೆರಡು-ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆದು, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಿನ್ನೆ ಸಲೀಸಾಗಿ ಬರುತ್ತಿದ್ದ ತಾರಷಡ್ಜ ಇಂದು ಒಡೆಯುತ್ತದೆ. ಹುಡುಗ ನಾಚಿಕೊಂಡು ಪಾಠವನ್ನೇ ಬಿಡುತ್ತಾನೆ. ಇದು ಬೆಳವಣಿಗೆ ಎಂದು ಅವನಿಗೆ ತಿಳಿಹೇಳಿ. ಗುರುಗಳಲ್ಲಿ ಹೇಳಿ ಶ್ರುತಿ ಇಳಿಸಿ, ಮೇಲಿನ ಸ್ವರಗಳನ್ನು ಕೆಲಕಾಲ ಬದಿಗಿಡಿ. ಆದರೆ 20 ನಿಮಿಷ ತಪ್ಪದಿರಲಿ. ಆ ಒಂದೆರಡು ವರ್ಷ ದಾಟಿದವನಿಗೆ ಸಂಗೀತ ಜೀವನಪೂರ್ತಿ ಜೊತೆಗಿರಬಲ್ಲದು.

ಐವತ್ತು ದಾಟಿದ ಮೇಲೆ ನಾನೂ ಹೀಗೆ ಕೂರತೊಡಗಿದ್ದೇನೆ. ಕಛೇರಿ ಮಾಡುವ ಆಸೆಯೇನಿಲ್ಲ. ಆದರೆ "ಪ್ರಾಕ್ಟೀಸ್ ಮಾಡು" ಎಂದು ಹತ್ತು ಸಲ ಕೂಗುವುದಕ್ಕಿಂತ ಪಕ್ಕದಲ್ಲಿ ಕೂತು "ಸ" ಹಿಡಿಯುವುದು ಮೇಲೆಂದು ಕಂಡುಕೊಂಡಿದ್ದೇನೆ.

ಎಲ್ಲರಿಗೂ ಯುಗಾದಿಯ ಶುಭಾಶಯಗಳು!