ಬಾಗಿಲು ತೆರೆದಿದೆಯಾ ಅಂತ ಕ್ಯಾಲೆಂಡರ್ ಹೇಳಲಿ

ಫೆಸ್ಟ್ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲದಕ್ಕೂ ಒಂದೊಂದು ಟೂಲ್. ಗೂಗಲ್ ಕ್ಯಾಲೆಂಡರಿನಲ್ಲಿ ಮೀಟಿಂಗ್, ಟ್ರೆಲ್ಲೋದಲ್ಲಿ ಕೆಲಸದ ಹಂಚಿಕೆ, ಶೀಟಿನಲ್ಲಿ ಖರ್ಚು. ಇವನ್ನೇ ಊರಿನ ಗ್ರಂಥಾಲಯದ ಸಿಬ್ಬಂದಿಗೂ ಕೊಡಬಾರದೇಕೆ? ಕೊಡಬೇಕು ಅನ್ನೋದೇ ನಮ್ಮ ಅಭಿಪ್ರಾಯ. ಆದ್ರೆ ಫೆಸ್ಟಿಗೆ ಬಳಸಿದ ಹಾಗೇ ಅಲ್ಲಿಗೆ ತಗೊಂಡು ಹೋದ್ರೆ ಕೆಲಸ ಆಗಲ್ಲ.

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನೇ ನೋಡೋಣ. ಪೇಟೆಯ ಶಾಖಾ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವನ್ನು ಅರಿವು ಕೇಂದ್ರ ಅಂತ ಕರೀತಾರೆ. ಅಲ್ಲಿ ಸಿಬ್ಬಂದಿ ಅಂದ್ರೆ ಸಾಮಾನ್ಯವಾಗಿ ಒಬ್ಬರೇ ಮೇಲ್ವಿಚಾರಕರು. ಬಾಗಿಲು ತೆಗೆಯೋದು, ಪತ್ರಿಕೆ ಜೋಡಿಸೋದು, ಪುಸ್ತಕ ಕೊಟ್ಟು ಬರೆದಿಡೋದು, 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮಕ್ಕೆ ಮಕ್ಕಳನ್ನು ಕೂರಿಸೋದು, ಎಲ್ಲವೂ ಅವರದ್ದೇ.

ಒಬ್ಬರೇ ಮಾಡೋ ಕೆಲಸವನ್ನು ಮೂರು ಕಾಲಮ್ಮಿನ ಬೋರ್ಡಿನಲ್ಲಿ ಹಂಚಿ ಏನು ಪ್ರಯೋಜನ? ಅಲ್ಲಿರೋ ಸಮಸ್ಯೆ ಬೇರೆ. ಅವರು ಮೀಟಿಂಗಿಗೆ ಹೋದ ದಿನ, ಹುಷಾರಿಲ್ಲದ ದಿನ ಬಾಗಿಲು ಹಾಕಿರುತ್ತೆ. ಮಲೆನಾಡಿನಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಜುಲೈ ಮಳೆಯಲ್ಲಿ ತೋಟ ದಾಟಿ ಬಂದ ಹುಡುಗಿಗೆ ಬೀಗ ಕಂಡರೆ, ಮುಂದಿನ ವಾರ ಅವಳು ಬರೋದು ಅನುಮಾನ.

ಹಾಗಾಗಿ ಬೇಕಿರೋದು ಎಲ್ಲರೂ ನೋಡಬಹುದಾದ ಒಂದೇ ಕ್ಯಾಲೆಂಡರ್. ಅದರಲ್ಲಿ ಮೂರೇ ಸಂಗತಿ ಸಾಕು: ತೆರೆದಿರೋ ಸಮಯ, ಮೇಲ್ವಿಚಾರಕರ ರಜೆ ಮತ್ತು ಸಭೆಯ ದಿನ, ಆ ದಿನ ಬೀಗದ ಕೈ ಯಾರ ಹತ್ರ ಇದೆ ಅನ್ನೋದು. ವಾರದ ರಜೆಯನ್ನು ಒಮ್ಮೆ ಹಾಕಿದ್ರೆ ಪ್ರತಿ ವಾರ ತಾನೇ ಬರುತ್ತೆ. ಎರಡು ಇಲಾಖೆಯವರೂ ಅದನ್ನೇ ನೋಡಿದ್ರೆ, ಪೇಟೆಯಲ್ಲಿ ಕಾರ್ಯಕ್ರಮ ಇಟ್ಟ ದಿನವೇ ಪಂಚಾಯಿತಿಯವರು ಸಭೆ ಕರೆಯೋದೂ ತಪ್ಪುತ್ತೆ. ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹವನ್ನು ಮೂರೂ ತಾಲ್ಲೂಕಿನವರು ಮಾತಾಡಿಕೊಂಡು ಮಾಡಬಹುದು.

'ನೆಟ್ವರ್ಕೇ ಇಲ್ಲ, ಮಾರಾಯ್ರೆ' ಅಂತೀರಿ. ನಿಜ, ಮಳೆಗಾಲದಲ್ಲಿ ಕರೆಂಟ್ ಕೂಡ ಇರಲ್ಲ. ಆದ್ರೆ ಒಮ್ಮೆ ಸಿಂಕ್ ಆದ ಕ್ಯಾಲೆಂಡರ್ ನೆಟ್ ಇಲ್ಲದಿದ್ರೂ ಮೊಬೈಲಿನಲ್ಲಿ ಕಾಣುತ್ತೆ. ಮೊಬೈಲ್ ಇಲ್ಲದವರಿಗೆ ತಿಂಗಳ ಮೊದಲ ದಿನ ಒಂದು ಪ್ರಿಂಟ್ ತೆಗೆದು ಗ್ರಂಥಾಲಯದ ಬಾಗಿಲಿಗೆ, ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ರಾಯ್ತು.

ನಮಗೆ ಅದಕ್ಕಿಂತ ದೊಡ್ಡ ಭಯ ಬೇರೆ ಎರಡಿವೆ. ಒಂದು, ಕ್ಯಾಲೆಂಡರ್ ಮೆಲ್ಲಗೆ ಹಾಜರಿ ಪುಸ್ತಕ ಆಗಿಬಿಡೋದು. ಹತ್ತು ನಿಮಿಷ ತಡವಾದದ್ದಕ್ಕೆ ವಿವರಣೆ ಕೇಳೋಕೆ ಅದನ್ನು ಬಳಸಿದ ದಿನವೇ ಯಾರೂ ಅದರಲ್ಲಿ ನಿಜ ಬರೆಯಲ್ಲ. ಇನ್ನೊಂದು, ಹಳೇ ರಿಜಿಸ್ಟರ್ ಹಾಗೇ ಇದ್ದು ಮೇಲೊಂದು ಆ್ಯಪ್ ಬರೋದು. ಆಗ ಉಳಿದದ್ದೇನು? ದುಪ್ಪಟ್ಟು ಬರವಣಿಗೆ. ಹೊಸ ಟೂಲ್ ಒಂದು ಬಂದರೆ ಹಳೇ ರಿಜಿಸ್ಟರ್ ಒಂದು ಹೋಗಬೇಕು. ಇದನ್ನು ಇಲಾಖೆಗಳು ಮೊದಲೇ ಒಪ್ಪದಿದ್ರೆ ಈ ಕೆಲಸಕ್ಕೆ ಕೈ ಹಾಕದೇ ಇರೋದೇ ಒಳ್ಳೇದು.

ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಅದರಲ್ಲಿ ನಾಲ್ಕನೆಯದ್ದು ಓದುಗರ ಸಮಯ ಉಳಿಸಬೇಕು ಅನ್ನೋದು. ಸಿಬ್ಬಂದಿಯ ಸಮಯ ತಿಂದು ಓದುಗರ ಸಮಯ ಉಳಿಸೋಕಾಗಲ್ಲ. ಯಾವ ಟೂಲ್ ತಂದ್ರೂ ಈ ಎರಡೂ ಉಳಿದವಾ ಅಂತಲೇ ಅಳೆಯಬೇಕು.

ನಮ್ಮಲ್ಲಿ ಆ ಕಡೆಯವರು ಇದ್ದೀರಿ. ಸೆಮ್ ರಜೆಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆಯೋ ಮೊದಲು ಮೇಲ್ವಿಚಾರಕರ ಹತ್ರ ಕೂತು, 'ನೀವು ದಿನಕ್ಕೆ ಏನೇನು ಬರೀತೀರಿ? ಯಾವುದು ಬೇಡ ಅನ್ಸುತ್ತೆ?' ಅಂತ ಕೇಳಿ. ಕನ್ನಡದಲ್ಲೊಂದು ಕ್ಯಾಲೆಂಡರ್ ಮಾಡಿಕೊಡೋಕೆ ಅರ್ಧ ಗಂಟೆ ಸಾಕು. ಅವರ ಮಾತು ಕೇಳೋಕೆ ಒಂದು ಮಧ್ಯಾಹ್ನವೇ ಬೇಕು. ಮೊದಲು ಆ ಮಧ್ಯಾಹ್ನ ಕೊಡೋಣ.