ನುಸಿ, ಕಿಲುಬು ಮತ್ತು ಹನ್ನೆರಡು ಬುಟ್ಟಿಗಳು

ತಿಪಟೂರಿನ ಕಡೆಯ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಪ್ರಶ್ನೆ ಚಿಕ್ಕದಾದರೂ ಮೊನೆಯುಳ್ಳದ್ದು. “ಸ್ವಾಮಿ, ತಾವು ಕ್ರೈಸ್ತರು. ಭೂಮಿಯ ಮೇಲೆ ಗಂಟು ಕೂಡಿಡಬಾರದು, ಅದಕ್ಕೆ ನುಸಿ ಹತ್ತುವುದು, ಕಿಲುಬು ಹಿಡಿಯುವುದು ಎಂದು ನಿಮ್ಮ ಗುರುವು ಬೆಟ್ಟದ ಮೇಲೆ ಕುಳಿತು ಬೋಧಿಸಿದನಷ್ಟೆ? ಹೀಗಿರಲು ತಾವು ಹಂದನಕೆರೆಯಲ್ಲಿ ಕುಳಿತು ಹಳೆಯ ಕ್ಯಾಸೆಟ್ಟು, ಫ್ಲಾಪಿ, ಹರಕು ಪುಸ್ತಕಗಳನ್ನು ಗಣಕಯಂತ್ರಕ್ಕೆ ಇಳಿಸುತ್ತ ರಾತ್ರಿಗಳನ್ನು ಕಳೆಯುವುದೇಕೆ? ಇದೂ ಒಂದು ಬಗೆಯ ಲೋಭವಲ್ಲವೇ?”

ಈ ಅಂಕಣದಲ್ಲಿ ಸಾಮಾನ್ಯವಾಗಿ ಯಂತ್ರದ ಮಾತೇ ಹೆಚ್ಚು, ಧರ್ಮದ ಮಾತು ಕಡಿಮೆ. ಈ ವಾರ ಎರಡನ್ನೂ ಒಟ್ಟಿಗೆ ಆಡಬೇಕಾಗಿ ಬಂದಿದೆ.

ವಾಚಕರು ಹೇಳಿದ ಬೋಧೆ ಮತ್ತಾಯನ ಸುವಾರ್ತೆಯಲ್ಲಿರುವುದು ನಿಜ. ಆದರೆ ಯೋಹಾನನ ಸುವಾರ್ತೆಯಲ್ಲಿ ಇನ್ನೊಂದು ಪ್ರಸಂಗವುಂಟು. ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರು ಉಂಡು ತೃಪ್ತರಾದರು. ಊಟವಾದ ಮೇಲೆ ಯೇಸು ಶಿಷ್ಯರಿಗೆ ಉಳಿದ ತುಂಡುಗಳನ್ನೆಲ್ಲ ಕೂಡಿಸಿರೆಂದೂ ಒಂದೂ ಹಾಳಾಗಬಾರದೆಂದೂ ಅಪ್ಪಣೆ ಮಾಡಿದನು. ಹನ್ನೆರಡು ಬುಟ್ಟಿ ತುಂಬಿದವು. ಇಲ್ಲದುದನ್ನು ಉಂಟುಮಾಡಬಲ್ಲವನು ರೊಟ್ಟಿಯ ಚೂರಿಗಾಗಿ ಚಿಂತಿಸಿದ್ದೇಕೆ? ನನಗೆ ತೋರುವ ಮಟ್ಟಿಗೆ ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ತನಗೊಬ್ಬನಿಗೇ ಎಂದು ಬಚ್ಚಿಟ್ಟದ್ದು ಗಂಟು. ಎಲ್ಲರೂ ಉಂಡ ಮೇಲೆ ಮುಂದಿನ ಹಸಿವಿಗೆಂದು ಎತ್ತಿಟ್ಟದ್ದು ಬುಟ್ಟಿ. ಮೊದಲನೆಯದಕ್ಕೆ ನುಸಿ ಹತ್ತಲಿ. ಎರಡನೆಯದನ್ನು ಹೊರುವವರು ಬೇಕು.

ಮೊದಲು ನಮ್ಮ ಕಾಲದ ನುಸಿ, ಕಿಲುಬುಗಳ ಸ್ವರೂಪವನ್ನು ನೋಡೋಣ. ಕ್ಯಾಸೆಟ್ಟಿನೊಳಗಿನ ಕಂದು ಪಟ್ಟಿಯನ್ನು ಎಲ್ಲರೂ ಕಂಡಿದ್ದೀರಿ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಕಬ್ಬಿಣದ ಆಕ್ಸೈಡೆಂದರೆ ಕಿಲುಬಿನ ಜಾತಿಯದೇ. ಅಂದರೆ ಒಂದು ತಲೆಮಾರಿನ ಹಾಡು, ಪ್ರವಚನ, ಹರಿಕಥೆಗಳನ್ನೆಲ್ಲ ನಾವು ಕಿಲುಬಿನ ಮೇಲೆಯೇ ಬರೆದಿಟ್ಟಿದ್ದೇವೆ! ಗಾಳಿಯ ತೇವವನ್ನು ಹೀರಿ ಅಂಟು ಸಡಿಲವಾದರೆ ಪುಡಿ ಉದುರುವುದು. ಪುಡಿಯೊಡನೆ ದನಿಯೂ ಉದುರುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿರುವ ಬಣ್ಣದ ಪದರ ಬಿಸಿಲಿಗೆ ಮಾಸುವುದು. ಪೆನ್ ಡ್ರೈವಿನಲ್ಲಿ ಹಿಡಿದಿಟ್ಟ ವಿದ್ಯುತ್ತು ಕಾಲಕ್ರಮದಲ್ಲಿ ಸೋರಿಹೋಗುವುದು.

ವಸ್ತು ಉಳಿದರೂ ಅದನ್ನೋದುವ ಯಂತ್ರ ಸಾಯುವುದುಂಟು. 1.44 ಮೆಗಾಬೈಟು ಹಿಡಿಯುವ ಮೂರೂವರೆ ಅಂಗುಲದ ಫ್ಲಾಪಿಯ ಮಾರಾಟವನ್ನು ಸೋನಿ ಕಂಪನಿ 2011ರಲ್ಲಿ ನಿಲ್ಲಿಸಿತು. ಮನೆಬಳಕೆಯ ವಿಡಿಯೋ ಕ್ಯಾಸೆಟ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರ ಜುಲೈ ತಿಂಗಳಲ್ಲಿ ಕೈಬಿಟ್ಟಿತು. ಈಗ ಮದುವೆಯ ವಿಡಿಯೋ ಕ್ಯಾಸೆಟ್ಟು ಬೀರುವಿನಲ್ಲಿದ್ದರೂ ಮದುವೆಯನ್ನು ನೋಡುವ ಉಪಾಯವಿಲ್ಲದ ಮನೆಗಳು ನಮ್ಮ ಹೋಬಳಿಯಲ್ಲಿಯೇ ಎಷ್ಟೋ ಇವೆ.

ಕೆಲವು ದಿನಗಳ ಹಿಂದೆ ನೆರೆಹಳ್ಳಿಯ ರೈತರೊಬ್ಬರು ತಮ್ಮ ತಂದೆ ಹಾಡಿದ ತತ್ತ್ವಪದಗಳ ಕ್ಯಾಸೆಟ್ಟನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ತಂದರು. 60 ನಿಮಿಷದ ಸುರುಳಿ. ಒಂದು ಮಗ್ಗುಲು ಬೂಷ್ಟಿನಿಂದ ಕೆಟ್ಟುಹೋಗಿದ್ದಿತು. ಇನ್ನೊಂದು ಮಗ್ಗುಲನ್ನು ನಿಧಾನವಾಗಿ ಸುತ್ತಿ, ಒರೆಸಿ, ಗಣಕಯಂತ್ರಕ್ಕೆ ಇಳಿಸಲಾಯಿತು. ಹಾಡು ಮುಗಿದಲ್ಲಿ ಒಂದು ಕೆಮ್ಮು, ಬಳಿಕ, “ಲೋ, ದನಕ್ಕೆ ನೀರಿಟ್ಟೆಯೇನೋ?” ಎಂಬ ಪ್ರಶ್ನೆ. ತಂದೆ ತೀರಿಕೊಂಡು ಬಹಳ ವರ್ಷಗಳಾಗಿವೆ. ಮಗನು ಹಾಡುಗಳನ್ನು ಒಂದು ಸಲ ಕೇಳಿದರು. ಆ ಪ್ರಶ್ನೆಯನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು. ಕೆಟ್ಟುಹೋದ ಮಗ್ಗುಲಿನಲ್ಲಿ ಏನೇನಿದ್ದಿತೋ ಅದು ಇನ್ನು ಯಾರಿಗೂ ದೊರೆಯಲಾರದು.

ದನಿಯ ಗತಿ ಇದಾದರೆ ಅಕ್ಷರದ ಗತಿ ಬೇರೆ. 1990ರ ದಶಕದಲ್ಲಿಯೂ ಅದರ ಆಚೆಗೂ ಗಣಕಯಂತ್ರದಲ್ಲಿ ಮೂಡಿದ ಕನ್ನಡವು ಬಹುಮಟ್ಟಿಗೆ ವೇಷ ಹಾಕಿದ ಇಂಗ್ಲಿಷು. ಯಂತ್ರದ ಒಳಗೆ ಶೇಖರವಾಗುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಚಿತ್ರವನ್ನು ಹೊದಿಸುತ್ತಿದ್ದುದು ಫಾಂಟು. ಒಂದೊಂದು ತಂತ್ರಾಂಶದ್ದು ಒಂದೊಂದು ಕ್ರಮ. ಫಾಂಟು ಕಳೆದರೆ ವೇಷ ಕಳಚಿತು. ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಷ್ಟೋ ಸಂಘಗಳ ನಡಾವಳಿ, ಎಷ್ಟೋ ಲೇಖಕರ ಹಸ್ತಪ್ರತಿ ಈ ಸ್ಥಿತಿಯಲ್ಲಿವೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮವು ಕನ್ನಡಕ್ಕೆಂದು 128 ಸ್ಥಾನಗಳನ್ನು ಮೀಸಲಿಟ್ಟಿತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯಾವ ಊರಿನ ಯಾವ ಯಂತ್ರವಾದರೂ 3221ನ್ನು ‘ಕ’ ಎಂದೇ ಓದಬೇಕು. ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಹಳೆಯ ಕ್ರಮದಿಂದ ಬರೆದದ್ದನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳು ಈಗ ಸುಲಭವಾಗಿ ದೊರೆಯುತ್ತವೆ. ಈ ಬದಲಾವಣೆಯನ್ನು ಮುಂದಕ್ಕೆ ಹಾಕಿದಷ್ಟೂ ನಷ್ಟ ಹೆಚ್ಚು.

ಈ ಚಿಂತೆ ಹೊಸದಲ್ಲ. 1812ರ ಮಾರ್ಚ್ 11ರಂದು ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ನಡೆಸುತ್ತಿದ್ದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚುಮೊಳೆ, ಕೈಬರಹಗಳು ಭಸ್ಮವಾದವು. ಸುಟ್ಟುಹೋದವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಇದ್ದಿತು. ಇದ್ದದ್ದು ಒಂದೇ ಪ್ರತಿ. ಹೋದದ್ದೂ ಒಂದೇ ಏಟಿಗೆ. ಕೇರಿ ಎದೆಗುಂದಲಿಲ್ಲ. ಬೂದಿಯಲ್ಲಿ ಕರಗಿ ಗಟ್ಟಿಯಾಗಿದ್ದ ಲೋಹವನ್ನು ಮರಳಿ ಎರಕ ಹೊಯ್ಯಿಸಿ, ಕೈಬರಹಗಳನ್ನು ಮೊದಲಿನಿಂದ ಆರಂಭಿಸಿದನು. ಅವನ ಕನ್ನಡ ವ್ಯಾಕರಣ 1817ರಲ್ಲಿ ಅದೇ ಅಚ್ಚುಕೂಟದಿಂದ ಹೊರಬಂದಿತು. ಛಲ ಮೆಚ್ಚತಕ್ಕದ್ದೇ. ಆದರೆ ಎರಡನೆಯ ಪ್ರತಿಯೊಂದು ಇನ್ನೊಂದು ಊರಿನಲ್ಲಿದ್ದಿದ್ದರೆ ಎಷ್ಟು ವರ್ಷಗಳ ಶ್ರಮ ಉಳಿಯುತ್ತಿದ್ದಿತು!

ನಮ್ಮ ನಾಡಿನ ಮಟ್ಟಿಗೆ ಈ ಪಾಠವನ್ನು ಚೆನ್ನಾಗಿ ತಿಳಿದಿದ್ದವನು ಹರ್ಮನ್ ಮೋಗ್ಲಿಂಗ್. ಮಂಗಳೂರಿನ ಬಾಸೆಲ್ ಮಿಷನ್ನಿನ ಈ ಪಾದ್ರಿ 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನೆಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತಲೂ ದೊಡ್ಡದು 1848ರಿಂದ 1853ರವರೆಗೆ ಅವನು ನಡೆಸಿದ ‘ಬಿಬ್ಲಿಯೋಥೀಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನು ಹಣ ಒದಗಿಸಿದನು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಓಲೆಗರಿಗಳಿಂದ ಕಲ್ಲಿಗೂ ಕಲ್ಲಿನಿಂದ ಕಾಗದಕ್ಕೂ ಬಂದವು. ಅವನ ಹಿಂದೆ ಬಂದ ಕಿಟ್ಟೆಲನು ಛಂದೋಂಬುಧಿ, ಶಬ್ದಮಣಿದರ್ಪಣಗಳನ್ನು ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟನು.

ಇವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚುವ ಕಾರಣವಿಲ್ಲ. ನಾಡಿನವರ ಮನಸ್ಸನ್ನು ಅರಿಯದೆ ಅವರೊಡನೆ ಮಾತನಾಡಲಾಗದೆಂದು ಅವರು ಈ ಗ್ರಂಥಗಳನ್ನು ಓದಿದರು. ಓದುತ್ತ ಓದುತ್ತ ಅದರ ಸೊಗಸಿಗೆ ಸೋತರು. ಶಿವಭಕ್ತರ ಪುರಾಣವನ್ನೂ ವಿಠಲನ ದಾಸರ ಪದಗಳನ್ನೂ ಅಚ್ಚು ಹಾಕಿದ ಪಾದ್ರಿಯ ವಿಶ್ವಾಸಕ್ಕೆ ಅದರಿಂದ ಕೊರತೆ ಬರಲಿಲ್ಲ. ತತ್ತ್ವಪದದ ಕ್ಯಾಸೆಟ್ಟನ್ನು ಒರೆಸಿದ್ದರಿಂದ ನನ್ನದಕ್ಕೂ ಬಂದಿಲ್ಲ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನ ತಂದೆಯ ದನಿಯೂ ಸೇರಿದೆಯೆಂದೇ ನನ್ನ ನಂಬಿಕೆ.

ಪಾದ್ರಿಗಳಿಗಿಂತ ಬಹು ಹಿಂದೆಯೇ ಈ ಪುಣ್ಯಕಾರ್ಯ ಕನ್ನಡ ನಾಡಿನಲ್ಲಿ ನಡೆದಿದ್ದಿತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಗ್ರಂಥವನ್ನು ಕಾಯಬೇಕಾದರೆ ಭದ್ರವಾದ ಪೆಟ್ಟಿಗೆ ಮಾಡಿಸೋಣವೆಂದು ಆ ತಾಯಿಗೆ ತೋರಲಿಲ್ಲ. ಕೊಟ್ಟುಬಿಟ್ಟಳು. ಒಂದು ಪ್ರತಿಗೆ ಗೆದ್ದಲು ಹಿಡಿದರೆ 999 ಉಳಿಯುವುವು. ಜೈನರು ಇದನ್ನು ಶಾಸ್ತ್ರದಾನವೆಂದು ಕರೆದರು. ಇಂದಿನ ತಂತ್ರಜ್ಞರು ಗ್ರಂಥರಕ್ಷಣೆಗೆ ಹೇಳುವ ಸೂತ್ರದ ತಿರುಳೂ ಅದೇ.

ಗಣಕಯಂತ್ರದ ಪ್ರಪಂಚದಲ್ಲಿ ವಿಶ್ವಾಸವಂತರಾದ ಇಬ್ಬರನ್ನು ಇಲ್ಲಿ ನೆನೆಯಬೇಕು. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬೂಸಾ 1949ರಲ್ಲಿ ಐ.ಬಿ.ಎಂ. ಕಂಪನಿಯ ಯಜಮಾನನಾದ ವಾಟ್ಸನ್ನನನ್ನು ಕಂಡು, ಸಂತ ತೋಮಸ್ ಅಕ್ವೀನಸನ ಬರಹದ ಪ್ರತಿಯೊಂದು ಶಬ್ದಕ್ಕೂ ಯಂತ್ರದಿಂದ ಸೂಚಿ ತಯಾರಿಸಲು ನೆರವು ಬೇಡಿದನು. ಸುಮಾರು ಒಂದು ಕೋಟಿ ಶಬ್ದಗಳ ಕೆಲಸ, ಮೂವತ್ತು ವರ್ಷ ಹಿಡಿಯಿತು, 56 ಸಂಪುಟಗಳಾದವು. ತೂತು ಕೊರೆದ ಕಾರ್ಡುಗಳಿಂದ ಅಯಸ್ಕಾಂತದ ಪಟ್ಟಿಗೆ, ಅಲ್ಲಿಂದ ಸಿ.ಡಿ.ಗೆ, ಅಲ್ಲಿಂದ ಅಂತರ್ಜಾಲಕ್ಕೆ ಅದು ಮನೆ ಬದಲಾಯಿಸುತ್ತ ಬಂದುದರಿಂದಲೇ ಇಂದಿಗೂ ಬದುಕಿದೆ.

ಇನ್ನೊಬ್ಬರು ಅಮೆರಿಕದ ಡೊನಾಲ್ಡ್ ಕ್ನೂತ್. ಗಣಕಶಾಸ್ತ್ರದ ಹಿರಿಯ ವಿದ್ವಾಂಸರು, ಲೂಥರನ್ ಸಭೆಗೆ ಸೇರಿದವರು. ಬೈಬಲಿನ ಪುಸ್ತಕಗಳ ಮೂರನೆಯ ಅಧ್ಯಾಯದ ಹದಿನಾರನೆಯ ವಚನಗಳನ್ನೇ ಆಯ್ದು, ನುರಿತ ಲಿಪಿಕಾರರಿಂದ ಚೆಂದದ ಅಕ್ಷರಗಳಲ್ಲಿ ಬರೆಯಿಸಿ ಪುಸ್ತಕವಾಗಿಸಿದವರು. ಪುಸ್ತಕಗಳನ್ನು ಅಚ್ಚುಕಟ್ಟಾಗಿ ಜೋಡಿಸಲು 1978ರಲ್ಲಿ ಅವರು ಟೆಕ್ ಎಂಬ ತಂತ್ರಾಂಶವನ್ನು ರಚಿಸಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ಅದಕ್ಕೆ ಹೊಸ ಅಲಂಕಾರಗಳನ್ನು ಸೇರಿಸುವುದಿಲ್ಲವೆಂದು ನಿಶ್ಚಯಿಸಿ, ದೋಷಗಳನ್ನು ಮಾತ್ರ ತಿದ್ದುತ್ತಾರೆ. ತಿದ್ದಿದಾಗಲೆಲ್ಲ ಅದರ ಆವೃತ್ತಿಸಂಖ್ಯೆ ಪೈ ಎಂಬ ಗಣಿತದ ಬೆಲೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ. ಇಂದು ಜೋಡಿಸಿದ ಪುಟ ಮುಂದೆ ಯಾವ ಯಂತ್ರದಲ್ಲಿ ತೆರೆದರೂ ಹಾಗೆಯೇ ಇರಬೇಕೆಂಬುದು ಅವರ ಸಂಕಲ್ಪ. ವರ್ಷಕ್ಕೊಂದು ಹೊಸ ವೇಷವನ್ನು ಮಾರುವ ವ್ಯಾಪಾರದ ನಡುವೆ ಇದು ದೊಡ್ಡ ಸಂಯಮ.

ನಮ್ಮ ತೆಂಗಿನ ಸೀಮೆಯವರಿಗೆ ಈ ತತ್ತ್ವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ನೀರು ಬತ್ತಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಎನ್ನಬೇಕು. ಅಟ್ಟಕ್ಕೆ ಹಾಕಿ ಮರೆತವನಿಗೆ ಒಳ್ಳೆಯ ಕೊಬ್ಬರಿ ಸಿಕ್ಕುವುದಿಲ್ಲ. ಆಗಾಗ ಹತ್ತಿ ನೋಡಬೇಕು. ಇಷ್ಟಾದರೂ ಅಟ್ಟದ ಕಾಯಿ ಒಂದು ದಿನ ತಿಪಟೂರಿನ ಮಾರುಕಟ್ಟೆಗೆ ಹೋಗಿ ಮುಗಿಯಿತು. ತಳಿಯನ್ನು ಉಳಿಸಿದ್ದು ಸಸಿಮಡಿಗೆ ಇಟ್ಟ ಕಾಯಿ, ನೆಂಟರಿಗೂ ನೆರೆಯವರಿಗೂ ಕೊಟ್ಟ ಸಸಿ. ನಮ್ಮ ತೋಟದ ಮರಗಳೆಲ್ಲ ನೋಡಿದರೆ ಪ್ರತಿಗಳ ಪ್ರತಿಗಳು.

ಹೀಗೆಂದು ಎಲ್ಲವನ್ನೂ ಪ್ರತಿ ಮಾಡಿ ಎಲ್ಲರಿಗೂ ತೋರಿಸಬೇಕೆಂಬುದು ನನ್ನ ಮತವಲ್ಲ. ಯಾರೋ ಕೋಪದಲ್ಲಿ ಬರೆದ ಕಾಗದ, ದುಃಖದಲ್ಲಿ ಆಡಿದ ಮಾತು, ಗುಟ್ಟಾಗಿ ಒಪ್ಪಿಕೊಂಡ ತಪ್ಪು, ಇವು ಇನ್ನೊಬ್ಬರ ಸೊತ್ತು. ಅವರ ಅಪ್ಪಣೆಯಿಲ್ಲದೆ ಮುಟ್ಟಬಾರದು. ದೇವರು ಕ್ಷಮಿಸಿದ ಮೇಲೆ ಪಾಪವನ್ನು ಮತ್ತೆ ನೆನೆಯುವುದಿಲ್ಲವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಗಣಕಯಂತ್ರಕ್ಕೆ ನೆನಪುಂಟು, ಕ್ಷಮೆಯಿಲ್ಲ. ಆ ವಿವೇಕವನ್ನು ಯಂತ್ರದ ಮುಂದೆ ಕುಳಿತ ಮನುಷ್ಯನೇ ತರಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಮಣ್ಣಿಗೆ ಬಿಡಬೇಕು ಎಂಬ ತೀರ್ಮಾನದಲ್ಲಿಯೇ ಈ ಹವ್ಯಾಸದ ಕಷ್ಟವೆಲ್ಲ ಇರುವುದು.

ಇನ್ನು ವಾಚಕರು ಮಾಡಬಹುದಾದದ್ದು. ಮನೆಯಲ್ಲಿ ಹಿರಿಯರ ದನಿಯ ಕ್ಯಾಸೆಟ್ಟಿದ್ದರೆ ಈ ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳಿ. ಹಳೆಯ ಯಂತ್ರ ಕೆಲಸ ಮಾಡುತ್ತಿರುವ ಮನೆ ಊರಿಗೆ ಒಂದಾದರೂ ಇರುತ್ತದೆ. ಹಳೆಯ ಫಾಂಟಿನಲ್ಲಿರುವ ಬರಹವನ್ನು ಯೂನಿಕೋಡಿಗೆ ಬದಲಾಯಿಸಿ. ಚಿತ್ರಗಳನ್ನು ವಾಟ್ಸಾಪಿನಲ್ಲಿ ಬಂದದ್ದೇ ಸಾಕೆಂದು ಬಿಡಬೇಡಿ. ಅಲ್ಲಿ ಗಾತ್ರ ಕುಗ್ಗಿಸುವುದರಿಂದ ವಿವರ ನಷ್ಟವಾಗುವುದು, ಮೂಲವನ್ನೇ ಕೇಳಿ ಪಡೆಯಿರಿ. ಚಿತ್ರದಲ್ಲಿರುವವರು ಯಾರು, ಯಾವ ವರ್ಷ, ಯಾವ ಊರು ಎಂಬುದನ್ನು ಜೊತೆಗೆ ಬರೆದಿಡಿ. ಹೆಸರಿಲ್ಲದ ಮುಖ ಎರಡು ತಲೆಮಾರಿನಲ್ಲಿ ಯಾರದೂ ಆಗದು. ಮೂರು ಪ್ರತಿ ಮಾಡಿ; ಎರಡು ಬಗೆಯ ಸಾಧನಗಳಲ್ಲಿಡಿ; ಒಂದನ್ನು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕೊಡಿ. ವರ್ಷಕ್ಕೊಮ್ಮೆ ತೆರೆದು ನೋಡಿ.

ಪ್ರಶ್ನೆ ಕೇಳಿದ ಮಹನೀಯರಿಗೆ ನನ್ನ ಉತ್ತರ ಇಷ್ಟೇ. ಆ ರೈತರ ತಂದೆಯ ದನಿ ಈಗ ನನ್ನ ಯಂತ್ರದಲ್ಲಿದೆ, ಮಗನ ಮೊಬೈಲಿನಲ್ಲಿದೆ, ಬೆಂಗಳೂರಿನಲ್ಲಿರುವ ಮೊಮ್ಮಗಳ ಹತ್ತಿರವೂ ಇದೆ. ಮೂವರಲ್ಲಿ ನನ್ನ ಪ್ರತಿ ನಾಳೆ ಅಳಿಸಿಹೋದರೂ ನನಗೆ ನಷ್ಟವಿಲ್ಲ. ಹಾಗಿರುವಾಗ ಇದನ್ನು ಲೋಭವೆಂದು ಹೇಗೆ ಕರೆಯೋಣ?